ಹೊಸ್ತಿಲ ಮೇಲೆ ಕೂತವಳು

ನಮ್ಮ ಶಾಸಕರು ನಮ್ಮವರಾಗಿರುವುದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಮಾತ್ರ. ಇದನ್ನು ನಾನು ಕುಹಕಕ್ಕೆ ಹೇಳುತ್ತಿಲ್ಲ. ಸಭಾಭವನದ ಒಳಗೆ ಎಲೆ ಅಡಿಕೆ ಹಾಕುವಂತಿಲ್ಲ, ಹಾಗಾಗಿ ಮಧ್ಯಾಹ್ನದ ಊಟ ಮುಗಿದ ಕೂಡಲೇ ಎಲ್ಲರೂ ಹೊರಗಿನ ಮೆಟ್ಟಿಲ ಮೇಲೆ ಬಂದು ನಿಲ್ಲುತ್ತಾರೆ. ಹೊಸ್ತಿಲು ದಾಟಿ ಹೊರಗೆ ಬಂದರೆ ಅವರಿಗೆ ಎಲ್ಲ ನೆನಪಾಗುತ್ತದೆ. ತಮ್ಮ ಊರು, ಊರಿನ ಕೆರೆ, ಕಿತ್ತುಹೋದ ಸೇತುವೆ, ಯಾರಿಗೋ ಕೊಟ್ಟ ಮಾತು. ಹಣೆ ಹಣೆ ಬಡಿದುಕೊಳ್ಳುತ್ತಾರೆ. ಕೆಲವರ ಕಣ್ಣಲ್ಲಿ ನಿಜವಾಗಿಯೂ ನೀರು ಬರುತ್ತದೆ. ಆಮೇಲೆ ಬಾಯಲ್ಲಿದ್ದದ್ದನ್ನು ಉಗುಳಿ, ಬಾಯಿ ಮುಕ್ಕಳಿಸಿ, ಮತ್ತೆ ಹೊಸ್ತಿಲು ದಾಟಿ ಒಳಗೆ ಹೋಗುತ್ತಾರೆ. ಅಲ್ಲಿಗೆ ಮುಗಿಯಿತು. ಹೆಸರು ಮರೆಯುವುದಿಲ್ಲ, ಪಕ್ಷ ಮರೆಯುವುದಿಲ್ಲ, ಭತ್ಯೆಯಂತೂ ಮರೆಯುವುದೇ ಇಲ್ಲ. ಯಾವ ಸಂಕಟ ಹೊತ್ತುಕೊಂಡು ಒಳಗೆ ಹೊರಟರೋ ಅದು ಮಾತ್ರ ಹೊರಗೇ ಉಳಿದುಬಿಡುತ್ತದೆ.

ಈ ಪಟ್ಟಣದ ಜನ ಇದಕ್ಕೆ ಹೊಂದಿಕೊಂಡು ಎಷ್ಟೋ ತಲೆಮಾರು ಆಗಿದೆ. ಸಭಾಭವನದ ಎದುರಿನ ಮಳೆಮರದ ಕೆಳಗೆ ಒಂದು ಕಲ್ಲಿನ ಕಟ್ಟೆ ಇದೆ. ಹೊರಗೆ ಬಂದವರಿಗೆ ಎಲ್ಲ ಒಟ್ಟಿಗೇ ನೆನಪಾಗಿ ತಲೆ ಸುತ್ತುತ್ತದಲ್ಲ, ಅಂಥವರು ಕೂರಲಿ ಎಂದು ಯಾರೋ ಪುಣ್ಯಾತ್ಮರು ಕಟ್ಟಿಸಿದ್ದು. ಪಕ್ಕದಲ್ಲೇ ನಿಂಬೆ ಸೋಡಾ ಗಾಡಿ. ಅರ್ಜಿ ಕೊಟ್ಟರೆ ಒಳಗೆ ಓದುತ್ತಾರೆ, ಓದುವುದಿಲ್ಲ ಎಂದು ಸುಳ್ಳು ಹೇಳಬಾರದು. ಆದರೆ ಓದಿ, "ಪಾಪ, ಯಾವ ರಾಜ್ಯದವರೋ ಏನೋ" ಎಂದು ಮರುಗಿ ಪಕ್ಕಕ್ಕಿಡುತ್ತಾರೆ. ಫೋನು ಮಾಡಿದರೆ ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಾರೆ. ಜನ "ಅದು ಹಂಗೇ ಕಣಮ್ಮ" ಎಂದು ಸೋಡಾ ಕುಡಿದು ಮನೆಗೆ ಹೋಗುತ್ತಾರೆ. ನನಗೆ ಮೈಯೆಲ್ಲ ಉರಿಯುವುದು ಆ "ಹಂಗೇ ಕಣಮ್ಮ" ಕೇಳಿದಾಗ.

ನನ್ನ ಹೆಸರು ತಾಯಮ್ಮ. ಪಟ್ಟಣದ ತಗ್ಗಿನಲ್ಲಿರುವ ಕೆಳಗೇರಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದೇನೆ. ಗಿರಣಿ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ದೊಡ್ಡದಾಗಿದೆ, ಅದಕ್ಕೇ ಕೇರಿಯವರು ಸಭಾಭವನದ ಕೆಲಸಕ್ಕೆ ನನ್ನನ್ನು ಮುಂದೆ ಮಾಡಿದರು. ನಮ್ಮ ಕೇರಿಯವರು ಊರಿನ ಬೀದಿ ಗುಡಿಸುವವರು. ಮೇಲಿನ ಬೀದಿಯವರು ನಮ್ಮ ಗಿರಣಿಗೆ ರಾಗಿ ತರುವುದಿಲ್ಲ, ಆದರೆ ಅವರ ಕಸ ತಪ್ಪದೆ ಬರುತ್ತದೆ. ಊರಿನ ಕಸವೆಲ್ಲ ಬಂದು ಬೀಳುವುದು ಕೇರಿಯ ಬೆನ್ನಿಗಿರುವ ಬಿಳಿಗುಡ್ಡದಲ್ಲಿ. ಗುಡ್ಡ ಎಂದರೆ ದೇವರು ಮಾಡಿದ ಗುಡ್ಡವಲ್ಲ. ಪ್ಲಾಸ್ಟಿಕ್ ಕವರುಗಳೇ ಒಂದರ ಮೇಲೊಂದು ಬಿದ್ದು, ದೂರದಿಂದ ಬೆಳ್ಳಗೆ ಕಾಣುತ್ತದೆ. ಹೊರಗಿನವರು ಬಸ್ಸಿನ ಕಿಟಕಿಯಿಂದ ನೋಡಿ ಚೆನ್ನಾಗಿದೆ ಎನ್ನುತ್ತಾರೆ.

ಗುಡ್ಡಕ್ಕೂ ಕೇರಿಗೂ ನಡುವೆ ನಮ್ಮವರ ಸ್ಮಶಾನ. ಅಲ್ಲಿ ಹೊಂಗೆಮರದ ಕೆಳಗೆ ನನ್ನ ತಂಗಿ ಹೊನ್ನಿಯನ್ನು ಮಣ್ಣು ಮಾಡಿದ್ದೇವೆ. ಬುದ್ಧಿ ಬಂದಾಗಿನಿಂದ ಪೊರಕೆ ಹಿಡಿದವಳು. ಊರಿನ ಧೂಳೆಲ್ಲ ಅವಳ ಎದೆಯೊಳಗೆ ಹೋಗಿ ಕೂತು, ಕೊನೆಗೆ ಉಸಿರು ಎಳೆದುಕೊಳ್ಳಲಾಗದೆ ಹೋದಳು. ಆ ಸ್ಮಶಾನವನ್ನು ಬಿಳಿಗುಡ್ಡಕ್ಕೆ ಸೇರಿಸಿಕೊಳ್ಳುವ ಮಸೂದೆ ಹೋದ ಅಧಿವೇಶನದಲ್ಲಿ ಬಂದಿತ್ತು. ಅದು ಒಳಗೇ ಹುಟ್ಟಿದ ಮಸೂದೆ. ಒಳಗೆ ಗೋಡೆಯ ಮೇಲಿನ ನಕ್ಷೆಯಲ್ಲಿ ನಮ್ಮ ಸ್ಮಶಾನದ ಜಾಗ ಖಾಲಿ ಇದೆಯಂತೆ, ಯಾರೋ ಅದಕ್ಕೆ ಬೆರಳಿಟ್ಟು ಇಲ್ಲಿಗೆ ಸುರಿಯಬಹುದಲ್ಲ ಎಂದರಂತೆ. ಹೊರಗಿನದು ಮರೆತುಹೋಗುತ್ತದೆ, ಒಳಗೆ ಹುಟ್ಟಿದ್ದು ಮಾತ್ರ ಯಾರಿಗೂ ಮರೆಯುವುದಿಲ್ಲ. ಬದುಕಿದ್ದಾಗ ಊರಿನ ಕಸ ಗುಡಿಸಿದವಳು ಸತ್ತ ಮೇಲೂ ಅದೇ ಕಸದ ಕೆಳಗೆ ಮಲಗಬೇಕೇ? ನಾನು ಕೇಳಿದ್ದು ಇಷ್ಟೇ. ಇಷ್ಟನ್ನು ಒಳಗೆ ಮುಟ್ಟಿಸಲು ನಾವು ಪಟ್ಟ ಪಾಡು ನನ್ನ ವೈರಿಗೂ ಬೇಡ.

ನಮ್ಮ ಶಾಸಕರು ಉದ್ದಂಡಯ್ಯನವರು. ಮನುಷ್ಯ ಒಳ್ಳೆಯವರು, ತೊಂದರೆ ಇರುವುದೇ ಅಲ್ಲಿ. ಕಳ್ಳರಾಗಿದ್ದರೆ ಮನಸ್ಸು ತಣ್ಣಗಾಗುವಷ್ಟು ಬೈದು ಬರಬಹುದಿತ್ತು. ನಾನೂ ಹೊನ್ನಿಯ ಗಂಡ ಮುನಿವೆಂಕಟನೂ ಮೆಟ್ಟಿಲ ಬಳಿ ಕಾದು ನಿಂತರೆ, ಊಟ ಮುಗಿಸಿ ಹೊರಗೆ ಕಾಲಿಟ್ಟ ತಕ್ಷಣ ಅವರ ಮುಖ ಸಣ್ಣದಾಗುತ್ತಿತ್ತು.

"ತಾಯಮ್ಮ, ನನ್ನ ಮುಖಕ್ಕೆ ಉಗೀರಿ" ಎನ್ನುತ್ತಿದ್ದರು. "ಇವತ್ತು ಎತ್ತಲೇಬೇಕು ಅಂತ ಹೋಗಿದ್ದೆ. ಒಳಗೆ ಕೂತಾಗ ಮನಸ್ಸು ಭಾಳ ಹಗುರಾಗಿತ್ತು. ಏನೋ ಮರ್ತಿದೀನಿ ಅಂತಾನೂ ಅನ್ನಿಸ್ಲಿಲ್ಲ."

"ಅನ್ನಿಸಿದ್ರೆ ಅದು ಮರ್ತಂಗೆ ಹೆಂಗಾಯ್ತದೆ ಸ್ವಾಮಿ?"

"ಹೌದಲ್ವಾ" ಎಂದು ಅವರು ತಲೆ ತಗ್ಗಿಸಿ ಜಗಿಯುತ್ತಿದ್ದರು. ಅವರು ಜಗಿಯುವಷ್ಟು ಹೊತ್ತು ನನಗೆ ಅವಕಾಶ. ಒಮ್ಮೆ ಹುಡುಕಿ ಹುಡುಕಿ ಕಲ್ಲಿನಂಥ ಅಡಿಕೆ ತಂದುಕೊಟ್ಟೆ, ಜಗಿಯುವುದು ಸ್ವಲ್ಪ ಹೆಚ್ಚು ಹೊತ್ತು ಹಿಡಿಯಲಿ ಎಂದು. ಅವರ ದವಡೆ ಹಲ್ಲು ಮುರಿಯಿತು. ಆಮೇಲೆ ಮೂರು ದಿನ ಅವರು ಮೆಟ್ಟಿಲಿಗೆ ಬರದೆ ದಂತವೈದ್ಯರ ಹತ್ತಿರ ಕೂತರು.

ಬೆರಳಿಗೆ ಕೆಂಪು ದಾರ ಕಟ್ಟಿ ಕಳಿಸಿದೆವು. ಒಳಗೆ ಹೋದ ಮೇಲೆ ಅದು ಯಾವ ವ್ರತದ ದಾರ ಎಂದು ಚರ್ಚೆಯಾಗಿ, ಅವರು ಆವತ್ತು ಉಪವಾಸ ಮಾಡಿದರಂತೆ. ಮುನಿವೆಂಕಟ ತಮಟೆ ಬಡಿಯುವವನು. ಮಾತು ಮರೆತರೂ ತಾಳ ಮರೆಯಲಿಕ್ಕಿಲ್ಲ ಎಂದು ಅವನು ವಿಷಯವನ್ನೆಲ್ಲ ಒಂದು ಹಾಡಿಗೆ ಕೂರಿಸಿ, ಉದ್ದಂಡಯ್ಯನವರಿಗೆ ಮೆಟ್ಟಿಲ ಮೇಲೆ ನಿಲ್ಲಿಸಿ ಕಲಿಸಿದ. ಅವನು ಅಂದುಕೊಂಡದ್ದು ಸರಿಯಾಗಿಯೇ ಇತ್ತು. ತಾಳ ಒಳಗೆ ಹೋಯಿತು, ಮಾತು ಹೊರಗೆ ಉಳಿಯಿತು. ಮಾರನೆಯ ದಿನ ಇಡೀ ಸಭೆ ಮೇಜು ಕುಟ್ಟಿ ಅದೇ ತಾಳ ಹಾಕುತ್ತಿತ್ತಂತೆ, ಸಭಾಧ್ಯಕ್ಷರಿಗೂ ಬಹಳ ಹಿಡಿಸಿತಂತೆ. ನಾವು ಹೆಣದ ಮುಂದೆ ಬಡಿಯುವ ಗತ್ತು ಅದು. ಅದನ್ನು ಕೇಳಿ ಮುನಿವೆಂಕಟ ಕಟ್ಟೆಯ ಮೇಲೆ ಕೂತು ನಗಾಡಿಬಿಟ್ಟ.

ಇನ್ನು ನಾವೇ ಒಳಗೆ ಹೋಗುವುದು ಎಂದಾಯಿತು. ಪ್ರಜಾದಿನ ಎಂದು ಒಂದಿದೆ, ಆವತ್ತು ಪಾಸು ಇದ್ದವರು ಒಳಗೆ ಹೋಗಿ ಸಭೆಯ ಮುಂದೆ ಮಾತಾಡಬಹುದು. ಬಾಯಿಮಾತು ನಂಬಿಕೊಂಡರೆ ಆಗದು, ಕಣ್ಣಿಗೆ ಕಾಣುವ ವಸ್ತು ಕೈಯಲ್ಲಿರಲಿ ಎಂದು ಹೊನ್ನಿಯ ಗುಂಡಿಯ ಮೇಲಿನ ಮಣ್ಣನ್ನು ಒಂದು ಕುಡಿಕೆಯಲ್ಲಿ ತುಂಬಿಕೊಂಡೆವು. ಬಾಗಿಲಲ್ಲಿ ಈರಭದ್ರ ಎಂಬ ದಫೇದಾರ ನಿಂತಿರುತ್ತಾನೆ. ಇಷ್ಟು ವರ್ಷ ಆ ಬಾಗಿಲು ಕಾದರೂ ಒಮ್ಮೆಯೂ ಒಳಗೆ ಕಾಲಿಟ್ಟವನಲ್ಲ. "ಮನೇಲಿ ಕಾಯಿಲೆಯವಳು ಅವಳೆ ಕಣಕ್ಕ. ಅವಳ ಔಷಧಿ ನಂಗೆ ನೆನಪಿರಬೇಕು" ಎಂದ. ಕುಡಿಕೆ ನೋಡಿ, "ಇದ್ರಿಂದ ಆಗಕಿಲ್ಲ" ಎಂದ. ಬಾಯಿ ಮುಚ್ಚಿಕೊಂಡು ನಿಂತಿರು ಎಂದು ಅವನನ್ನು ಗದರಿ ನಾವು ಎತ್ತರದ ಕಲ್ಲಿನ ಹೊಸ್ತಿಲನ್ನು ದಾಟಿದೆವು.

ಒಳಗೆ ಏನಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ತಣ್ಣಗಿತ್ತು, ಫ್ಯಾನುಗಳು ತಿರುಗುತ್ತಿದ್ದವು, ಎಲ್ಲರೂ ನಗುಮುಖದಲ್ಲಿದ್ದರು. ಕೈಯಲ್ಲಿ ಮಣ್ಣಿನ ಕುಡಿಕೆ ಯಾಕಿದೆ ಎಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕಂಬದ ಪಕ್ಕದಲ್ಲಿ ಒಂದು ಕ್ರೋಟನ್ ಗಿಡ ಸೊರಗಿ ನಿಂತಿತ್ತು. ಪಾಪ, ಇದಕ್ಕೇ ತಂದಿರಬೇಕು ಎಂದು ಮುನಿವೆಂಕಟ ಮಣ್ಣನ್ನು ಅದರ ಕುಂಡಕ್ಕೆ ಸುರಿದು, ಬೆರಳಿನಿಂದ ಒತ್ತಿ, ನೀರು ಕೂಡ ಹಾಕಿದ. ಸಭಾಧ್ಯಕ್ಷರು ಎದ್ದು ನಿಂತು ಪರಿಸರಪ್ರೇಮಿಗಳೆಂದು ನಮ್ಮನ್ನು ಹೊಗಳಿದರು. ಚಪ್ಪಾಳೆ ಬಿತ್ತು. ಹೊರಗೆ ಕಾಲಿಟ್ಟ ಮೇಲೆ ನಾನು ಕಟ್ಟೆಯವರೆಗೂ ನಡೆಯಲಾರದೆ ಮೆಟ್ಟಿಲ ಮೇಲೇ ಕುಸಿದೆ. ಖಾಲಿ ಕುಡಿಕೆಯನ್ನು ಹಿಡಿದು ಮುನಿವೆಂಕಟ "ಅಕ್ಕ, ನಾನೇ ಸುರಿದ್ನಲ್ಲ" ಎನ್ನುತ್ತಲೇ ಇದ್ದ. ಬೇರೆ ಯಾರನ್ನಾದರೂ ಬೈಯೋಣವೆಂದರೆ ಯಾರೂ ಸಿಗಲಿಲ್ಲ.

ಮಸೂದೆ ಮತಕ್ಕೆ ಬರುವ ದಿನವೇ ಮುಂದಿನ ಪ್ರಜಾದಿನ ಬಿತ್ತು. ಈ ಸಲ ನಾನು ಒಂದು ಉಪಾಯ ಮಾಡಿದೆ. ತಲೆ ಮರೆತರೆ ಮರೆಯಲಿ, ಬಾಯಿಗೆ ಅಭ್ಯಾಸವಾದದ್ದು ಹೋಗುವುದಿಲ್ಲ. ಗಿರಣಿಯಲ್ಲಿ ಕಾಳು ಹುಯ್ಯುವಾಗಲೆಲ್ಲ ಒಂದೇ ಮಾತನ್ನು ಕೂಗಿ ಕೂಗಿ ರೂಢಿ ಮಾಡಿಕೊಂಡೆ. "ನಮ್ಮ ಹೊನ್ನಿ ಮಣ್ಣಿನ ಮೇಲೆ ಕಸ ಸುರೀಬೇಡಿ." ರಾಗಿ ಬೀಸಿಸಲು ಬಂದವರು ಬೆಚ್ಚಿಬಿದ್ದು ನೋಡುತ್ತಿದ್ದರು. ನಿದ್ದೆಯಲ್ಲೂ ಅದನ್ನೇ ಕೂಗುತ್ತೇನೆಂದು ಸೊಸೆ ರೇಗಿದಳು. ರೇಗಲಿ ಎಂದು ಬಿಟ್ಟೆ.

ಆವತ್ತು ಮಳೆಮರದ ಕೆಳಗಿನಿಂದಲೇ ಕೂಗಲು ಶುರುಮಾಡಿದೆ. ಮೆಟ್ಟಿಲು ಹತ್ತುವಾಗಲೂ ಬಿಡಲಿಲ್ಲ. ಈರಭದ್ರ ಪಕ್ಕಕ್ಕೆ ಸರಿದ. ಮುನಿವೆಂಕಟ ಹಿಂದೆ. ಕೂಗುತ್ತಲೇ ಹೊಸ್ತಿಲು ದಾಟಿದೆ, ಕೂಗುತ್ತಲೇ ಸಭೆಯ ನಡುವೆ ಹೋಗಿ ನಿಂತೆ. ಬಾಯಿ ಮೋಸ ಮಾಡಲಿಲ್ಲ. "ನಮ್ಮ ಹೊನ್ನಿ, ನಮ್ಮ ಹೊನ್ನಿ" ಎಂದಿತು. ಅಲ್ಲಿಗೆ ನಿಂತಿತು.

"ಯಾರಮ್ಮ ಹೊನ್ನಿ?" ಎಂದು ಸಭಾಧ್ಯಕ್ಷರು ವಾತ್ಸಲ್ಯದಿಂದ ಕೇಳಿದರು.

"ನನ್ ತಂಗಿ, ಬುದ್ಧಿ" ಎಂದೆ. ಎಂಥ ಖುಷಿಯಲ್ಲಿ ಹೇಳಿದೆ ಎಂದು ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುತ್ತೇನೆ. "ನಮ್ಮ ಹೊನ್ನಿಗೆ ಚಿರೋಟಿ ಅಂದ್ರೆ ಪ್ರಾಣ. ಮದುವೆ ಮನೆ ಬೀದಿ ಗುಡಿಸೋಕೆ ಹೋದಾಗ ಒಂದ್ ಸಲ ಯಾರೋ ಕೊಟ್ರಂತೆ. ಸೆರಗಲ್ಲಿ ಕಟ್ಕೊಂಡು ಬಂದು ನಂಗೂ ಅರ್ಧ ಕೊಟ್ಲು. ಅವತ್ತಿಂದ ಅದೇ ಜಪ."

ಸಭೆಯೆಲ್ಲ ನಕ್ಕಿತು. ಒಳ್ಳೆಯ ನಗು, ಗೇಲಿ ಮಾಡುವ ನಗುವಲ್ಲ. ನಾನೂ ನಕ್ಕೆ, ಮುನಿವೆಂಕಟನೂ ನಾಚಿಕೊಂಡು ನಕ್ಕ. ಆವತ್ತಿನ ಊಟಕ್ಕೆ ಚಿರೋಟಿಯೇ ಇತ್ತು. ನಮ್ಮನ್ನೂ ಕೂರಿಸಿ ಬಡಿಸಿದರು. ಸಭಾಧ್ಯಕ್ಷರು ಅಡುಗೆಯವರಿಗೆ ಹೇಳಿ ಹೊನ್ನಿಗೆಂದು ಎರಡು ಚಿರೋಟಿಯನ್ನು ಬಾಳೆಲೆಯಲ್ಲಿ ಕಟ್ಟಿಸಿಕೊಟ್ಟರು. ಕಂಬದ ಪಕ್ಕದ ಕ್ರೋಟನ್ ಗಿಡ ಎಲೆಯೆಲ್ಲ ಮಿರಿಮಿರಿ ಮಿಂಚುತ್ತ ಹಬ್ಬಿತ್ತು. ಎಷ್ಟು ಚೆಂದ ಬೆಳೆದಿದೆ ನೋಡು ಎಂದು ನಾನೇ ಮುನಿವೆಂಕಟನಿಗೆ ತೋರಿಸಿದೆ. ಹೊನ್ನಿ ಹೋದಾಗಿನಿಂದ ಅಷ್ಟು ಹಗುರಾಗಿ ಉಸಿರಾಡಿದ್ದು ಆವತ್ತೇ. ಈ ಜನ ಯಾಕೆ ಹೊರಗೆ ಬರಲು ಇಷ್ಟಪಡುವುದಿಲ್ಲ ಎಂದು ನನಗೆ ಅರ್ಥವಾದದ್ದೂ ಆವತ್ತೇ.

ಊಟ ಮುಗಿದು ಶಾಸಕರು ಎಲೆ ಅಡಿಕೆಗೆಂದು ಹೊರಗೆ ಹೋದರು. ಸಭಾಧ್ಯಕ್ಷರೂ ಎಲೆ ಅಡಿಕೆ ಹಾಕದ ಕೆಲವರೂ ಒಳಗುಳಿದರು. ನಾವೂ ಹೊರಟೆವು. ಚಿರೋಟಿ ಪುಡಿಯಾಗದಂತೆ ಎರಡೂ ಕೈಯಲ್ಲಿ ಹಿಡಿದು ನಾನು ಮುಂದೆ ಹೊರಟೆ, ಒಂದು ಕಾಲನ್ನು ಹೊಸ್ತಿಲಿನ ಆಚೆ ಇಟ್ಟೆ. ಆಚೆ ಇಟ್ಟ ಕಾಲಿನಿಂದಲೇ ಹತ್ತಿಕೊಂಡು ಬಂದಂತೆ ಎಲ್ಲ ನೆನಪಾಯಿತು. ಹೊನ್ನಿ ಇಲ್ಲ. ಅವಳು ಹೊಂಗೆಮರದ ಕೆಳಗಿದ್ದಾಳೆ. ನಾನು ಅವಳಿಗೆ ಚಿರೋಟಿ ಒಯ್ಯುತ್ತಿದ್ದೇನೆ. ಹೊಸ್ತಿಲ ಮೇಲೆ ಕೂತುಬಿಟ್ಟೆ.

ಹೊಸ್ತಿಲ ಮೇಲೆ ಯಾರೂ ಕೂರುವುದಿಲ್ಲ. ಹುಟ್ಟಿದಾಗಿನಿಂದ ನಾವು ಅದನ್ನು ದಾಟುವುದೇ ಹೊರತು ತುಳಿಯುವುದಿಲ್ಲ. ಪ್ರತಿ ಶುಕ್ರವಾರ ಅದಕ್ಕೆ ಅರಿಸಿನ ಕುಂಕುಮ ಇಡುತ್ತಾರೆ. ಹಾಗಾಗಿ ಆ ಕಲ್ಲಿನ ಮೇಲೆ ಕೂತರೆ ಏನಾಗುತ್ತದೆ ಎಂದು ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಾಯಿತು. ಒಳಗಿನದೂ ಕಾಣುತ್ತಿತ್ತು, ಹೊರಗಿನದೂ ನೆನಪಿತ್ತು.

"ಯಾಕಕ್ಕ ಕೂತ್ಕಂಡೆ?" ಎಂದ ಮುನಿವೆಂಕಟ. ಅವನಿನ್ನೂ ನನ್ನ ಬೆನ್ನ ಹಿಂದೆ, ಒಳಗೇ ಇದ್ದ. "ಎದ್ದೇಳು. ಹೊನ್ನಿ ಕಾಯ್ತಿರ್ತಾಳೆ."

ತಿರುಗಿ ನೋಡಿದೆ. ಅವನ ಮುಖ ಮದುವೆಯ ದಿನದ ಹಾಗಿತ್ತು. ನಾನು ಎದ್ದರೆ ಅವನು ದಾಟುತ್ತಾನೆ, ದಾಟಿದರೆ ಅವನ ಹೆಂಡತಿ ಇನ್ನೊಂದು ಸಲ ಸಾಯುತ್ತಾಳೆ. ನಾನು ಏಳಲಿಲ್ಲ. ಆಮೇಲೆ ಪತ್ರಿಕೆಯವರು ಇದನ್ನು ಧರಣಿ ಎಂದು ಬರೆದರು, ಪೂರ್ವಯೋಜಿತ ಎಂದೂ ಬರೆದರು. ಯೋಜನೆಯೂ ಇಲ್ಲ, ಮಣ್ಣೂ ಇಲ್ಲ. ನನ್ನ ತಂಗಿಯ ಗಂಡ ಇನ್ನೊಂದು ಗಳಿಗೆ ನಗುತ್ತ ನಿಂತಿರಲಿ ಎಂದು ಕೂತೇ ಇದ್ದೆ, ಅಷ್ಟೇ.

"ಕಾಲು ಉಳುಕ್ತು ಕಣಪ್ಪ. ಒಂಚೂರು ತಾಳು" ಎಂದೆ.

ಅಷ್ಟರಲ್ಲಿ ಹೊರಗೆ ಶಾಸಕರು ಬಾಯಿ ಮುಕ್ಕಳಿಸಿ ಬಂದರು. ಬಂದವರು ನಿಂತರು. ಸಭಾಭವನಕ್ಕೆ ಇರುವುದು ಅದೊಂದೇ ಬಾಗಿಲು. ಉಳಿದವನ್ನೆಲ್ಲ ವಾಸ್ತು ಸರಿಯಿಲ್ಲವೆಂದು ಗೋಡೆ ಕಟ್ಟಿ ಮುಚ್ಚಿಸಿದ್ದರು, ಇದನ್ನೂ ಅರ್ಧಕ್ಕೆ ಕಿರಿದು ಮಾಡಿಸಿದ್ದರು. ನಾನೂ ಸಣ್ಣ ಹೆಂಗಸಲ್ಲ. ಹೊಸ್ತಿಲ ಮೇಲೆ ಕೂತ ಹೆಂಗಸನ್ನು ದಾಟಿದರೆ ಲಕ್ಷ್ಮಿಯನ್ನು ದಾಟಿದ ಹಾಗೆ, ಅಂಥವರು ಮುಂದಿನ ಚುನಾವಣೆ ಗೆಲ್ಲುವುದಿಲ್ಲ ಎಂದು ಅವರಲ್ಲೇ ಒಬ್ಬರು ಹೇಳಿದರು. ಎತ್ತಿ ಪಕ್ಕಕ್ಕೆ ಕೂರಿಸಿ ಎಂದು ಇನ್ನೊಬ್ಬರು ಹೇಳಿದರು. ಕೆಳಗೇರಿಯವಳನ್ನು ಮುಟ್ಟಲು ಯಾರ ಕೈಯೂ ಮುಂದೆ ಬರಲಿಲ್ಲ. ನಮ್ಮನ್ನು ಮುಟ್ಟದ ಅವರ ಮಡಿ ನಮ್ಮ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

"ಹೆಂಗಸರನ್ನ ಮುಟ್ಟಬೇಕು ಅಂದ್ರೆ ಮಹಿಳಾ ಪೊಲೀಸರೇ ಬೇಕು ಸಾರ್" ಎಂದ ಈರಭದ್ರ. "ಅವರು ಒಳಗವ್ರೆ."

"ಕರೀರಿ!"

ಹೊರಗಿನಿಂದಲೇ ಕೂಗಿದರು. ಇಬ್ಬರು ಮಹಿಳಾ ಪೊಲೀಸರು ಓಡಿ ಬಂದರು. ಆದರೆ ಯಾಕೆ ಕರೆದರೆಂಬುದು ಹೊರಗಿನ ಸಂಕಟ, ಒಳಗೆ ನಿಲ್ಲುವುದಿಲ್ಲ. ಬಾಗಿಲ ತನಕ ಬಂದವರು ನನ್ನನ್ನು ನೋಡಿ ಮುಗುಳ್ನಕ್ಕು, ಮುನಿವೆಂಕಟನ ಹತ್ತಿರ ಚಿರೋಟಿಗೆ ಹಾಲು ಒಳ್ಳೆಯದೋ ಪುಡಿಸಕ್ಕರೆ ಒಳ್ಳೆಯದೋ ಎಂದು ಮಾತಿಗೆ ನಿಂತರು. ಶಾಸಕರು ಮೂರು ಸಲ ಕರೆದರು, ಮೂರು ಸಲವೂ ಹೀಗೇ ಆಯಿತು. ನಮ್ಮ ಪಾಡು ಏನೆಂದು ಅವರಿಗೂ ಸ್ವಲ್ಪ ತಿಳಿಯಲಿ ಎಂದು ನಾನು ಸುಮ್ಮನೆ ನೋಡುತ್ತಿದ್ದೆ.

ಬಿಸಿಲಿತ್ತು. ಎಲೆ ಅಡಿಕೆ ಮುಗಿದ ಮೇಲೂ ಹೊರಗೆ ನಿಲ್ಲುವುದು ಅವರಿಗೆ ಅಭ್ಯಾಸವಿರಲಿಲ್ಲ. ನೆನಪಾದದ್ದು ಉಗುಳಿದರೂ ಹೋಗುವುದಿಲ್ಲ. ಒಬ್ಬರು ಸೋಡಾ ಗಾಡಿಗೆ ಒರಗಿ, ತಮ್ಮ ಊರಿನ ಕೆರೆಗೆ ಬಣ್ಣದ ನೀರು ಬಿಟ್ಟ ಕಾರ್ಖಾನೆಯ ಬಗ್ಗೆ ಸೋಡಾದವನಿಗೇ ಹೇಳತೊಡಗಿದರು. ಇನ್ನೊಬ್ಬರು ಕಟ್ಟೆಯ ಮೇಲೆ ಕೂತು, ಮಲಗುಂಡಿಯೊಳಗೆ ಸತ್ತ ಯಾರದೋ ಹೆಸರು ಹೇಳಿ ಹೇಳಿ ತಲೆ ಚಚ್ಚಿಕೊಳ್ಳುತ್ತಿದ್ದರು. ಒಳಗಿನಿಂದ ಸಭಾಧ್ಯಕ್ಷರು, ಎಲ್ಲರೂ ಬನ್ನಿ, ಬಿಳಿಗುಡ್ಡದ ಮಸೂದೆ ಮತಕ್ಕೆ ಹಾಕಬೇಕು ಎಂದು ಗಂಟೆ ಬಾರಿಸುತ್ತಲೇ ಇದ್ದರು.

ಉದ್ದಂಡಯ್ಯನವರು ನನ್ನ ಎದುರು ಬಂದು ಕುಕ್ಕರಗಾಲಲ್ಲಿ ಕೂತರು. "ತಾಯಮ್ಮ, ಒಳಗೆ ಬಿಡ್ರಮ್ಮ. ಈ ಸಲ ಖಂಡಿತ ಹೇಳ್ತೀನಿ."

"ಎಷ್ಟ್ ಸಲ ಸ್ವಾಮಿ ಖಂಡಿತ?" ಗಿರಣಿಯ ಗಂಟಲಿನಲ್ಲೇ ಕೇಳಿದೆ. "ಒಳಗೆ ಹೋದ್ರೆ ಮರೀತೀರಾ. ಹೊರಗಿದ್ರೆ ನಿಮ್ಮ ಮಾತು ಯಾರೂ ಕೇಳಲ್ಲ. ಬನ್ನಿ, ಇಲ್ ಕೂತ್ಕಳಿ. ಇಲ್ ಕೂತ್ರೆ ಎರಡೂ ಇರ್ತದೆ."

ಅವರು ಹೊಸ್ತಿಲ ಮೇಲಿನ ಅರಿಸಿನ ಕುಂಕುಮ ನೋಡಿದರು, ನನ್ನನ್ನು ನೋಡಿದರು, ಹಿಂದೆ ನಿಂತ ತಮ್ಮ ಪಕ್ಷದವರನ್ನು ನೋಡಿದರು. ಬೆವರು ಒರೆಸಿಕೊಂಡರು. ಆಮೇಲೆ ದೇವರ ಹೆಸರು ಹೇಳಿಕೊಂಡು, ನನ್ನ ಪಕ್ಕದಲ್ಲಿ, ಪಂಚೆ ನನ್ನ ಸೀರೆಗೆ ತಾಗುವ ಹಾಗೆ ಕೂತೇಬಿಟ್ಟರು. ಹಿಂದಿದ್ದವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಅವರು ಮುಖವನ್ನು ಒಳಗೆ ತಿರುಗಿಸಿ, "ಮಾನ್ಯ ಸಭಾಧ್ಯಕ್ಷರೇ" ಎಂದರು. ಅವರಿಗೆ ನೆನಪಿತ್ತು.

ಆಗ ನನಗೆ ಹೊಳೆಯಿತು, ಮುನಿವೆಂಕಟ ಅಲ್ಲೇ ನಿಂತಿದ್ದಾನೆ. ಹೊಸ್ತಿಲ ಮೇಲಿನಿಂದ ಆಡಿದ ಮಾತು ಒಳಗೆ ನಿಲ್ಲುತ್ತದೆ ಎಂದಾದರೆ ಅವನಿಗೂ ನಿಲ್ಲುತ್ತದೆ. ಉದ್ದಂಡಯ್ಯನವರ ಮೊಣಕೈ ಹಿಡಿದು ತಡೆದೆ.

"ಮುನಿಯಾ, ಚಿರೋಟಿ ಪುಡಿಯಾಗೋಯ್ತು. ಅಡುಗೆಯವರ ಹತ್ರ ಹೋಗಿ ಇನ್ನೆರಡು ಇಸ್ಕಂಡ್ ಬಾ. ಹೊನ್ನಿಗೆ ಪುಡಿ ಕೊಟ್ರೆ ಚೆನ್ನಾಗಿರಲ್ಲ."

"ಹೌದು, ಬೈತಾಳೆ" ಎಂದು ನಗುತ್ತ ಅವನು ಓಡಿದ. ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳುವವರೆಗೆ ಕಾದು, ಉದ್ದಂಡಯ್ಯನವರ ಕೈ ಬಿಟ್ಟೆ.

ಅವರು ಚೆನ್ನಾಗಿ ಮಾತಾಡಿದರು. ದೊಡ್ಡ ದೊಡ್ಡ ಪದ ಬಳಸಲಿಲ್ಲ. ನಕ್ಷೆಯಲ್ಲಿ ಖಾಲಿ ಇರುವ ಜಾಗದಲ್ಲಿ ಯಾರು ಯಾರು ಮಲಗಿದ್ದಾರೆ, ಅವರೆಲ್ಲ ಯಾವ ಯಾವ ಬೀದಿ ಗುಡಿಸಿದವರು ಎಂದು ಹೇಳಿದರು. ಬೆಳಿಗ್ಗೆ ಚಿರೋಟಿಯ ಕಥೆ ಕೇಳಿ ನಕ್ಕೆವಲ್ಲ, ಆ ಹೊನ್ನಿ ಅಲ್ಲಿದ್ದಾಳೆ, ಈ ಕ್ರೋಟನ್ ಗಿಡದ ಬುಡದಲ್ಲಿರುವುದೂ ಅವಳ ಮಣ್ಣೇ ಎಂದರು. ಒಳಗಿದ್ದವರ ಮುಖ ಬಿಳಿಚಿಕೊಂಡಿತು. ಹೊರಗಿನವರಿಗೆ ಎಲ್ಲ ನೆನಪಿತ್ತು, ಒಳಗಿನವರಿಗೂ ಈಗ ಗೊತ್ತಾಗಿತ್ತು. ಮಸೂದೆ ಬೇಡ ಎಂದು ಹೇಳಲು ಇನ್ನೇನು ಬೇಕಿತ್ತು?

ಸಭಾಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ವಿಷಯ ಗಂಭೀರವಾದದ್ದು" ಎಂದರು ಕೊನೆಗೆ. "ಮುಂದಿನ ಅಧಿವೇಶನದಲ್ಲಿ ನೋಡೋಣ."

ನನ್ನ ಬಾಯಲ್ಲಿ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಇಷ್ಟು ದಿನ ಮರೆವೇ ಇವರ ರೋಗ ಎಂದುಕೊಂಡಿದ್ದೆ. ನೆನಪಿದ್ದರೂ, ಕಣ್ಣಲ್ಲಿ ನೀರಿದ್ದರೂ "ಮುಂದೆ ನೋಡೋಣ" ಎಂದರಲ್ಲ, ಆ ರೋ‌ಗಕ್ಕೆ ಯಾವ ಹೊಸ್ತಿಲ ಮೇಲೆ ಕೂರಬೇಕು? ಉದ್ದಂಡಯ್ಯನವರು ಮಾತ್ರ, "ಬಿದ್ದುಹೋಗ್ಲಿಲ್ಲ, ಆದ್ರೆ ಪಾಸೂ ಆಗ್ಲಿಲ್ಲ ತಾಯಮ್ಮ. ಮುಂದಿನ ಸಲದವರೆಗೂ ಒಂದ್ ಬುಟ್ಟಿ ಕಸಾನೂ ಅಲ್ಲಿ ಬೀಳಲ್ಲ" ಎಂದು ಸಮಾಧಾನ ಹೇಳಿದರು. ನಿಜ, ಅಷ್ಟಾಯಿತು. ಅಷ್ಟಕ್ಕೇ ಕೇರಿಯವರು ನನಗೆ ಹಾರ ಹಾಕಿದರು. ಹಾರದ ಹೂವನ್ನು ಹೊನ್ನಿಯ ಮೇಲೆ ಬಿಡಿಸಿ ಹಾಕಿ ಬಂದೆ.

ಆದರೆ ಅದಕ್ಕೆ ಮೊದಲು ನಾನು ಏಳಬೇಕಿತ್ತು. ಹೊರಗಿದ್ದ ಶಾಸಕರೆಲ್ಲ ಮನೆಗೆ ಹೋದರು, ಒಳಗಿದ್ದವರು ನಾನು ಏಳಲೆಂದು ಕಾಯುತ್ತಿದ್ದರು. ಹೊಸ್ತಿಲಿಗೆ ನೀರು ಹಾಕಿ ತೊಳೆಯಬೇಕು ಎಂದು ಈರಭದ್ರ ಬಿಂದಿಗೆ ಹಿಡಿದು ಪಕ್ಕದಲ್ಲಿ ನಿಂತ, ಏಳು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅಡುಗೆಮನೆಯಿಂದ ಮುನಿವೆಂಕಟ ಹೊಸ ಬಾಳೆಲೆಯ ಪೊಟ್ಟಣ ಹಿಡಿದು ಬರುತ್ತಿದ್ದ. ಒಳಗೆ ಸಾಯುವವರೆಗೂ ಇರಲು ಯಾರನ್ನೂ ಬಿಡುವುದಿಲ್ಲ. ನಾನು ಬಾಗಿಲು ಹಿಡಿದು ಎದ್ದೆ. "ಕಾಲು ಸರಿಹೋಯ್ತಾ ಅಕ್ಕ?" ಎನ್ನುತ್ತ ಅವನು ದಾಟಿದ. ಆ ಮುಖವನ್ನು ನಾನು ನೋಡಬಾರದಿತ್ತು. ಪೊಟ್ಟಣ ಮಾತ್ರ ಕೈಯಿಂದ ಬೀಳಲಿಲ್ಲ, ಬಿಗಿಯಾಗಿ ಹಿಡಿದುಕೊಂಡೇ ಕಟ್ಟೆಯವರೆಗೆ ನಡೆದ. ನಾನು ಪಕ್ಕದಲ್ಲಿ ಕೂತೆ. ಸೋಡಾದವನು ಕೇಳದೆಯೇ ಎರಡು ಲೋಟ ತಂದಿಟ್ಟು ಹೋದ.

ನಾಳೆ ಮತ್ತೆ ಅಧಿವೇಶನ ಶುರು. ಮಸೂದೆ ಪಟ್ಟಿಯಲ್ಲಿದೆ. ಹೊಸ್ತಿಲ ಮೇಲೆ ಸಾರ್ವಜನಿಕರು ಕೂರಬಾರದು ಎಂಬ ಹೊಸ ನಿಯಮವೂ ಬಂದಿದೆ, ಅದನ್ನು ಮಾಡಲು ಮಾತ್ರ ಅವರಿಗೆ ಮುಂದಿನ ಅಧಿವೇಶನ ಬೇಕಾಗಲಿಲ್ಲ. ನಿಯಮದ ಬೋರ್ಡನ್ನು ಒಳಗಿನ ಗೋಡೆಗೆ ನೇತುಹಾಕಿದ್ದಾರಂತೆ. ನನಗೆ ಹೊರಗಿನಿಂದ ಅದು ಕಾಣುವುದಿಲ್ಲ. ನನ್ನ ಪಕ್ಕ ಕೂರಲು ಇನ್ನೂ ನಾಲ್ಕು ಜನ ಶಾಸಕರು ಒಪ್ಪಿದ್ದಾರೆಂದು ಉದ್ದಂಡಯ್ಯನವರು ಹೇಳಿಕಳಿಸಿದ್ದಾರೆ. ಅಷ್ಟು ಜನಕ್ಕೆ ಆ ಬಾಗಿಲಲ್ಲಿ ಜಾಗ ಎಲ್ಲಿದೆಯೋ ದೇವರೇ ಬಲ್ಲ.

ಸಂಜೆ ಮುನಿವೆಂಕಟ ಗಿರಣಿಗೆ ಬಂದಿದ್ದ. ರಾಗಿ ತಂದಿರಲಿಲ್ಲ. ಬೆಲ್ಟಿನ ಸದ್ದು ನಿಲ್ಲುವವರೆಗೆ ಕಂಬಕ್ಕೆ ಒರಗಿ ನಿಂತಿದ್ದ.

"ಅಕ್ಕ" ಎಂದ. "ನಾಳೆ ನೀನು ಹೊಸ್ತಿಲ ಮೇಲೆ ಕೂತ್ಕತೀಯಲ್ಲ, ಆಗ ನಾನೊಬ್ನೇ ಒಳಗೆ ಹೋಗ್ಲಾ?"

"ಒಳಗೆ ಹೋಗಿ ಏನ್ ಮಾಡ್ತೀಯೋ? ನಿಂಗೇನೂ ನೆನಪಿರಲ್ಲ ಅಲ್ಲಿ" ಎಂದು ರೇಗಿದೆ. ರೇಗಿದ ಮೇಲೆ ಅವನ ಮುಖ ನೋಡಿದೆ. ಕೈಗೆ ಅಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡೆ.

"ಹೋಗು" ಎಂದೆ. "ನಾನು ಆದಷ್ಟು ಹೊತ್ತು ಕೂತಿರ್ತೀನಿ."